ಸ್ವಂತ ಊರಿನಲ್ಲಿ ಬಾಡಿಗೆಯ ಕೋಣೆ

ಮನುಷ್ಯನಿಗೆ ವಿಳಾಸದ ಚೀಟಿಯಿಲ್ಲದೆ ಹೋಗಿ ಇಳಿಯಬಹುದಾದ ಊರು ಪ್ರಪಂಚದಲ್ಲಿ ಒಂದೇ ಒಂದು ಇರುತ್ತದೆ. ನನ್ನ ಪಾಲಿಗೆ ಅದು ಮೈಸೂರು. ಕಳೆದ ದಸರೆಯವರೆಗೆ ಈ ಮಾತನ್ನು ನಾನು ಮದುವೆಮನೆಗಳಲ್ಲಿ, ರೈಲಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಧಾರಾಳವಾಗಿ ಹೇಳುತ್ತ ಬಂದಿದ್ದೆ. ಈಗ ಸ್ವಲ್ಪ ದನಿ ತಗ್ಗಿಸಿ ಹೇಳುತ್ತೇನೆ. ಕಾರಣವೇನೆಂಬುದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ವಾರದ ಪ್ರಸ್ತಾಪ.

ಚಾಮರಾಜಪುರದಲ್ಲಿ ನಮ್ಮದೊಂದು ಹೆಂಚಿನ ಮನೆಯಿತ್ತು. ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಬಾವಿ, ಬಾವಿಯ ಪಕ್ಕದಲ್ಲಿ ಸಂಪಿಗೆಯ ಮರ. ವರ್ಷದ ಹನ್ನೊಂದು ತಿಂಗಳು ಅದು ಒಂಬತ್ತು ಜನರ ಮನೆ. ದಸರೆ ಬಂದಿತೆಂದರೆ ಮೂವತ್ತು ಜನರ ಛತ್ರ. ಹಾಸನದ ಸೋದರತ್ತೆ, ತುಮಕೂರಿನ ಚಿಕ್ಕಪ್ಪ, ನಂಜನಗೂಡಿನ ಬೀಗರು, ಬೀಗರ ನೆರೆಮನೆಯವರು, ಆ ನೆರೆಮನೆಯವರ ಭಾವಮೈದುನ, ಹೀಗೆ ಸಂಬಂಧದ ಎಳೆ ಎಲ್ಲಿಯವರೆಗೆ ಹೋದೀತೋ ಅಲ್ಲಿಯವರೆಗಿನ ಜನವೆಲ್ಲ ಜಂಬೂಸವಾರಿಯ ನೆಪದಲ್ಲಿ ಬಂದಿಳಿಯುತ್ತಿದ್ದರು. ಚಿನ್ನದ ಅಂಬಾರಿಯಲ್ಲಿ ಇಂದು ಚಾಮುಂಡೇಶ್ವರಿಯ ವಿಗ್ರಹ ಬಿಜಯಂಗೈಯುತ್ತದೆ; ನಾನು ಹೇಳುತ್ತಿರುವುದು ಮಹಾರಾಜರೇ ಕುಳಿತು ಬರುತ್ತಿದ್ದ ಕಾಲದ ಮಾತು. ನಮ್ಮ ಮನೆಯ ಹಾಸಿಗೆಗಳು ಸಾಲದೆ ಎದುರುಮನೆಯಿಂದ ಹಾಸಿಗೆಗಳು ಬರುತ್ತಿದ್ದುವು. ಅವರ ಮನೆಗೆ ನೆಂಟರು ಹೆಚ್ಚಾದಾಗ ನಮ್ಮ ಜಮಖಾನ ಅಲ್ಲಿಗೆ ಹೋಗುತ್ತಿತ್ತು. ಲೆಕ್ಕ ತಪ್ಪಬಾರದೆಂದು ನಮ್ಮ ಅಜ್ಜಿ ಜಮಖಾನದ ಮೂಲೆಯಲ್ಲಿ ಕೆಂಪು ದಾರದಿಂದ ತಾತನ ಹೆಸರಿನ ಮೊದಲಕ್ಷರವನ್ನು ಹೊಲಿದಿದ್ದರು. ಬಂಧುಗಳಾದವರು ಮೈಸೂರಿಗೆ ಬಂದು ಬೇರೆಲ್ಲಿಯಾದರೂ ಇಳಿದುಕೊಂಡರೆಂದು ತಿಳಿದರೆ ತಾತ ಎರಡು ದಿನ ಯಾರೊಡನೆಯೂ ಮಾತನಾಡುತ್ತಿರಲಿಲ್ಲ.

ಆ ಮನೆ ಈಗ ಇಲ್ಲ. ನಮ್ಮ ತಾಯಿ ತೀರಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ನಾಲ್ವರೂ ಸೇರಿ ಅದನ್ನು ಮಾರಿದೆವು. ಯಾರೊಬ್ಬರೂ ಜಗಳವಾಡಲಿಲ್ಲವೆಂಬುದು ನಮ್ಮ ಕುಟುಂಬದ ಹೆಮ್ಮೆ. ಜಗಳವಾಡಿದ್ದರೆ ಕೋರ್ಟಿನ ಕೃಪೆಯಿಂದ ಮನೆಯಾದರೂ ಉಳಿಯುತ್ತಿತ್ತೆಂದು ಒಮ್ಮೊಮ್ಮೆ ಅನ್ನಿಸುವುದುಂಟು. ಅಂತೂ ಹನ್ನೆರಡು ವರ್ಷಗಳಿಂದ ನಾನು ಬೆಂಗಳೂರಿನ ನಿವಾಸಿ. ಈ ಹನ್ನೆರಡು ವರ್ಷಗಳಲ್ಲಿ ಮೈಸೂರಿಗೆ ಹೋದದ್ದು ಮದುವೆ ಮುಂಜಿಗಳಿಗೆ. ಬೆಳಿಗ್ಗೆ ಹೋಗಿ ಊಟ ಮುಗಿಸಿ ಸಂಜೆಗೆ ಹಿಂದಿರುಗಿದ್ದೇನೆ. ರಾತ್ರಿ ಉಳಿಯುವ ಪ್ರಸಂಗವನ್ನು ತಂದುಕೊಂಡಿರಲಿಲ್ಲ. ಏಕೆ ತಂದುಕೊಂಡಿರಲಿಲ್ಲವೆಂದು ನನ್ನನ್ನು ನಾನು ಕೇಳಿಕೊಂಡೂ ಇರಲಿಲ್ಲ.

ನನ್ನ ಮಗಳು ಅಳಿಯ ಇರುವುದು ಜರ್ಮನಿಯ ಕಲೋನ್ ನಗರದಲ್ಲಿ. ಅಲ್ಲಿಯೇ ಹುಟ್ಟಿದ ಮೊಮ್ಮಗನಿಗೆ ಈಗ ಒಂಬತ್ತು ವರ್ಷ. ಮನೆಯಲ್ಲಿ ಕನ್ನಡವನ್ನೇ ಆಡುತ್ತಾನೆ. ‘ರ’ಕಾರವನ್ನು ಮಾತ್ರ ಗಂಟಲಿನಿಂದ ಎಳೆದು ತರುತ್ತಾನೆ. ಅಲ್ಲಿಯ ಶಾಲೆಗಳಿಗೆ ಅಕ್ಟೋಬರಿನ ಹೊತ್ತಿಗೆ ಎರಡು ವಾರ ರಜೆ ಬರುತ್ತದೆ. ಕಳೆದ ವರ್ಷ ಆ ರಜೆಗೆ ಬರುವ ಮೊದಲು ಫೋನಿನಲ್ಲಿ, “ತಾತ, ನಿಮ್ಮ ಊರಿನ ದಸರೆಯನ್ನು ನೋಡಬೇಕು. ನಿಮ್ಮ ಮನೆಯನ್ನೂ ನೋಡಬೇಕು” ಎಂದ. ಬಾವಿ, ಸಂಪಿಗೆಯ ಮರ, ಮೂವತ್ತು ಜನರ ಪಂಕ್ತಿ ಎಲ್ಲವನ್ನೂ ಕತೆಮಾಡಿ ಹೇಳಿದ್ದವನು ನಾನೇ. ಮನೆಯನ್ನು ಮಾರಿದ ಅಧ್ಯಾಯವನ್ನು ಮಾತ್ರ ಹೇಳಿರಲಿಲ್ಲ. “ಆಗಲಿ, ನೋಡೋಣ” ಎಂದುಬಿಟ್ಟೆ.

ಇಳಿಯಲು ಹೋಟೆಲಿನ ಏರ್ಪಾಡನ್ನು ಅಳಿಯನೇ ಮಾಡಿದ್ದ. ಕಲೋನಿನ ತನ್ನ ಮನೆಯಲ್ಲಿ ಕುಳಿತು, ಬೆರಳಿನಿಂದ ನಾಲ್ಕು ಸಲ ಒತ್ತಿ, ಮೈಸೂರಿನಲ್ಲಿ ಎರಡು ಕೋಣೆಗಳನ್ನು ಗೊತ್ತುಮಾಡಿ ಹಣವನ್ನೂ ಸಂದಾಯ ಮಾಡಿದ್ದ. ತಾನು ಮಾತ್ರ ಕೆಲಸದ ನಿಮಿತ್ತ ಎರಡು ದಿನ ತಡವಾಗಿ ಬರುವವನಿದ್ದ. ನವರಾತ್ರಿಯ ಐದನೆಯ ದಿನ ಬೆಳಗಿನ ರೈಲಿನಲ್ಲಿ ನಾನು, ನನ್ನಾಕೆ, ಮಗಳು, ಮೊಮ್ಮಗ, ಐದು ಚೀಲಗಳು, ಒಂದು ಕೊಡೆ, ಇಷ್ಟೂ ಮೈಸೂರು ನಿಲ್ದಾಣದಲ್ಲಿ ಇಳಿದೆವು. ಆಟೋದವನು ಎಲ್ಲಿಗೆಂದು ಕೇಳಿದಾಗ ನನ್ನ ಬಾಯಿ ತಾನಾಗಿಯೇ “ಚಾಮರಾಜಪುರ” ಎಂದಿತು. ಮಗಳು ತಿದ್ದಿ ಹೋಟೆಲಿನ ಹೆಸರನ್ನು ಹೇಳಿದಳು. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಪ್ರವಾಸ ಮಾಡಿದ ಪ್ರತಿಯೊಬ್ಬ ವಾಚಕರೂ ಅಂಥದೊಂದು ಹೋಟೆಲನ್ನು ಕಂಡಿರುತ್ತಾರೆ.

ಹೋಟೆಲಿನ ಮೇಜಿನ ಹಿಂದಿದ್ದ ತರುಣ ವಿನಯಶೀಲ. ಮಗಳ ಫೋನಿನಲ್ಲಿದ್ದ ರಸೀತಿಯನ್ನು ಮೂರು ಸಲ ನೋಡಿದ. ತನ್ನ ಯಂತ್ರವನ್ನು ನಾಲ್ಕು ಸಲ ನೋಡಿದ. “ಮೇಡಂ, ನಿಮ್ಮ ಹೆಸರೇನೋ ಇದೆ. ಆದರೆ ರೂಮು ಇಲ್ಲ” ಎಂದ. ಹೆಸರಿದ್ದು ರೂಮಿಲ್ಲದಿರುವುದು ಹೇಗೆಂದು ನನ್ನಾಕೆ ಕೇಳಿದಳು. ದಸರೆಯ ನೂಕುನುಗ್ಗಲು, ನಿನ್ನೆ ಬಂದವರು ಇನ್ನೂ ತೆರವು ಮಾಡಿಲ್ಲ, ಹಣ ಸಂದಾಯವಾಗಿರುವುದು ನಡುವಿನ ಮತ್ತಾವುದೋ ಸಂಸ್ಥೆಗೆ, ಸಂಜೆ ನಾಲ್ಕು ಗಂಟೆಗೆ ಬಂದರೆ ಖಂಡಿತ ವ್ಯವಸ್ಥೆ ಮಾಡುವುದಾಗಿಯೂ ಅಲ್ಲಿಯವರೆಗೆ ಚೀಲಗಳನ್ನು ಇಟ್ಟುಕೊಂಡಿರುವುದಾಗಿಯೂ ಹೇಳಿದ. ಚೀಲಗಳ ಮೇಲೆ ಚೀಟಿ ಅಂಟಿಸುತ್ತ, ಮಾತಿಗೆ ಮಾತೆಂಬಂತೆ, “ತಮ್ಮ ಸ್ವಂತ ಊರು ಯಾವುದು ಸಾರ್?” ಎಂದು ಕೇಳಿದ.

“ಮೈಸೂರು” ಎಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. “ಮೈಸೂರಿನವರಿಗೆ ರೂಮೇಕೆ ಸಾರ್?” ಎಂದ.

ಅವನು ಕುಹಕವಾಡಲಿಲ್ಲ, ತಿಳಿಯದೆ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ನನ್ನಾಕೆ, “ಮೊದಲು ತಿಂಡಿ ತಿನ್ನೋಣ ಬನ್ನಿ” ಎಂದು ನನ್ನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋದಳು.

ಬೆಣ್ಣೆ ಹಾಕಿದ ಮೆತ್ತನೆಯ ದೋಸೆಯಿಂದ ಲೋಕದ ಬಹುಪಾಲು ದುಃಖಗಳು ಶಮನವಾಗುತ್ತವೆ. ಎರಡನೆಯ ದೋಸೆಯ ಹೊತ್ತಿಗೆ ಮಗಳು ನಗುತ್ತ, “ಅಪ್ಪ, ಬೇಸರಪಡಬೇಡಿ. ನಮ್ಮ ಕಲೋನಿನಲ್ಲಿಯೂ ಇದೇ ಕತೆ” ಎಂದಳು. ಅಲ್ಲಿ ಎರಡು ವರ್ಷಕ್ಕೊಮ್ಮೆ ಆಹಾರ ಪದಾರ್ಥಗಳ ಒಂದು ಬೃಹತ್ ಮೇಳ ನಡೆಯುತ್ತದಂತೆ. ಚಳಿಗಾಲದ ಕೊನೆಯಲ್ಲಿ ಬೀದಿಯ ಮೆರವಣಿಗೆಗಳ ಕಾರ್ನಿವಲ್ ಹಬ್ಬ ಬೇರೆ. ಆ ದಿನಗಳಲ್ಲಿ ಮಂಚವೊಂದು ಹಿಡಿಸುವ ಕೋಣೆಗೂ ಅರಮನೆಯ ಬೆಲೆ. ಹಬ್ಬ ಎಲ್ಲಿಯಾದರೂ ಹಬ್ಬವೇ, ಹೋಟೆಲು ಎಲ್ಲಿಯಾದರೂ ಹೋಟೆಲೇ ಎಂದು ಸಮಾಧಾನ ತಂದುಕೊಂಡು ಊರು ನೋಡಲು ಹೊರಟೆವು.

ವಾಚಕರೆ, ಊರಿನವನಾದವನು ತನ್ನ ಊರನ್ನು ನೋಡುವುದಿಲ್ಲ. ಚಾಮುಂಡಿಬೆಟ್ಟಕ್ಕೆ ನಾನು ನೂರು ಸಲ ಹೋಗಿದ್ದೇನೆ. ಪರೀಕ್ಷೆಯ ಮುನ್ನ ಹರಕೆಗೆ, ಪರೀಕ್ಷೆಯ ಅನಂತರ ಕ್ಷಮಾಪಣೆಗೆ. ‘ನೋಡಲು’ ಹೋದದ್ದು ಇದೇ ಮೊದಲು. ಮೇಲಕ್ಕೆ ಬಸ್ಸಿನಲ್ಲಿ ಹೋಗಿ, ದೇವಿಯ ದರ್ಶನ ಮುಗಿಸಿ, ಮೆಟ್ಟಿಲಿಳಿದು ನಂದಿಯ ಬಳಿಗೆ ಬಂದೆವು. ಬೆಟ್ಟದ ಸಾವಿರ ಮೆಟ್ಟಿಲುಗಳೂ ಬಂಡೆಯಲ್ಲಿಯೇ ಕಡೆದ ಈ ನಂದಿಯೂ ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರ ಕಾಲದವು ಎಂದು ವಿವರಿಸಿದೆ. ಮೊಮ್ಮಗ, ಕಲೋನಿನ ದೊಡ್ಡ ಚರ್ಚಿನ ಗೋಪುರವನ್ನು ತಾನು 533 ಮೆಟ್ಟಿಲು ಹತ್ತಿದ್ದೇನೆಂದೂ, ಹಾಗೆ ನೋಡಿದರೆ ನಾವು ಇಳಿದ ಮೆಟ್ಟಿಲುಗಳು ಲೆಕ್ಕಕ್ಕೇ ಇಲ್ಲವೆಂದೂ ತೀರ್ಪು ಕೊಟ್ಟ. ಬೆಟ್ಟದಿಂದ ಕೆಳಗೆ ದೂರದಲ್ಲಿ ಬೆಳ್ಳಗೆ ಕಂಡ ಕಟ್ಟಡವನ್ನು ತೋರಿಸಿ ಅದೇನೆಂದು ಕೇಳಿದ. ಲಲಿತಮಹಲು, 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಸ್ತಿಭಾರ ಹಾಕಿಸಿದ್ದು ವೈಸರಾಯರು ಬಂದರೆ ಇಳಿದುಕೊಳ್ಳಲಿ ಎಂದು, 1974ರಲ್ಲಿ ಅದು ಹೋಟೆಲಾಯಿತು. “ಒಬ್ಬ ಅತಿಥಿಗಾಗಿ ಅಷ್ಟು ದೊಡ್ಡ ಮನೆಯೆ?” ಎಂದು ಹುಡುಗ ಬೆರಗಾದ. “ನಮ್ಮ ಊರಿನಲ್ಲಿ ಅತಿಥಿಗಳಿಗೆ ಅಷ್ಟು ಮರ್ಯಾದೆ” ಎಂದೆ. ನನ್ನಾಕೆ ಕೆಮ್ಮಿದಳು.

ಬೆಟ್ಟದಿಂದ ಅರಮನೆಗೆ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಜನಪ್ರವಾಹದಲ್ಲಿ ತೇಲುತ್ತ, ಕಲ್ಯಾಣ ಮಂಟಪದ ಬಣ್ಣದ ಗಾಜಿನ ಮಾಡನ್ನು ನೋಡಿದೆವು. ಇಂದಿನ ಈ ಕಲ್ಲಿನ ಅರಮನೆಗೆ ಮೊದಲು ಇಲ್ಲಿದ್ದುದು ಮರದ ಅರಮನೆ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಹೊಸ ಅರಮನೆ ಮುಗಿದದ್ದು 1912ರಲ್ಲಿ. ನಡುವಿನ ಹದಿನೈದು ವರ್ಷ ರಾಜಮನೆತನದ ವಾಸ ಜಗನ್ಮೋಹನ ಅರಮನೆಯಲ್ಲಿ. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟ ಸಮಾರಂಭವೂ ಅಲ್ಲಿಯೇ. ಚಿಕ್ಕಂದಿನಿಂದ ಕೇಳಿದ್ದ ಕತೆಯೇ ಇದು. ಅಂದು ಮಾತ್ರ, ಮಹಾರಾಜರಿಗೂ ಹದಿನೈದು ವರ್ಷ ತಮ್ಮ ಮನೆಯೆಂಬುದು ಇರಲಿಲ್ಲವಲ್ಲ ಎಂಬ ಯೋಚನೆ ಬಂದು ಮನಸ್ಸಿಗೆ ಸ್ವಲ್ಪ ಹಿತವಾಯಿತು.

ಅಲ್ಲಿಂದ ದೊಡ್ಡ ಗಡಿಯಾರದ ಬಳಿಗೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಎದ್ದ ಈ ಗೋಪುರದ ಗಡಿಯಾರದ ಮುಖದಲ್ಲಿರುವುದು ಕನ್ನಡದ ಅಂಕಿಗಳು. ಮೊಮ್ಮಗ ತಾಯಿಯಿಂದ ಕಲಿತಿದ್ದ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಹನ್ನೆರಡನ್ನೂ ಮುಗಿಸಿದ. ದಾರಿಹೋಕರೊಬ್ಬರು ನಿಂತು “ಭೇಷ್ ಮರಿ” ಎಂದರು. ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮದ ಗೋಪುರಗಳನ್ನು ನೋಡಿ, ಮಲ್ಲಿಗೆಯನ್ನೂ ನಂಜನಗೂಡಿನ ರಸಬಾಳೆಯನ್ನೂ ಕೊಂಡು, ಎರಡು ಗಂಟೆಯ ಬಿಸಿಲಿನಲ್ಲಿ ಅಶೋಕ ರಸ್ತೆಯ ಕಡೆಗೆ ಆಟೋ ಹತ್ತಿದೆವು. ಸಂತ ಫಿಲೋಮಿನಾ ಚರ್ಚನ್ನು ನೋಡಿ, ಅಲ್ಲಿಯೇ ತಂಪಿನಲ್ಲಿ ಕುಳಿತು ನಾಲ್ಕು ಗಂಟೆಯವರೆಗೆ ಕಾಲ ಕಳೆಯುವುದು ನಮ್ಮ ಯೋಜನೆ.

ಆಟೋ ತಿರುವಿನಲ್ಲಿ ತಿರುಗಿತು. ಎರಡು ಚೂಪು ಗೋಪುರಗಳು ಎದುರಿಗೆ ಎದ್ದು ನಿಂತುವು. ತಾಯಿಯ ಮಡಿಲಿಗೆ ಒರಗಿ ತೂಕಡಿಸುತ್ತಿದ್ದ ಹುಡುಗ ತಟ್ಟನೆ ಎದ್ದು, “ಅಮ್ಮಾ! ಡೋಮ್! ನಮ್ಮ ಡೋಮ್!” ಎಂದು ಕೂಗಿದ.

ಕಲೋನಿನ ಜನ ತಮ್ಮ ದೊಡ್ಡ ಚರ್ಚನ್ನು ಕರೆಯುವುದು ಡೋಮ್ ಎಂದು. ನಮ್ಮ ಚರ್ಚು ಅದರ ಮಾದರಿಯಿಂದಲೇ ಸ್ಫೂರ್ತಿಗೊಂಡದ್ದು. 1933ರಲ್ಲಿ ಇದಕ್ಕೆ ಅಸ್ತಿಭಾರವಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಗೋಪುರಗಳ ಎತ್ತರ 175 ಅಡಿ. ನಾನು ಹುಡುಗನಾಗಿದ್ದಾಗ ಇದರ ಮುಂದೆ ಸೈಕಲ್ಲಿನಲ್ಲಿ ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಲ್ಲ. ಇದು ಇನ್ನೊಂದು ಊರಿನ ನೆನಪನ್ನು ಹೊತ್ತು ನಿಂತಿದೆಯೆಂದು ನನಗೆ ಹೊಳೆದದ್ದು ಅಂದು, ಆ ಹುಡುಗನ ಮುಖವನ್ನು ನೋಡಿದಾಗ. ಬೆಳಗಿನಿಂದ ಎಲ್ಲವನ್ನೂ ಅತಿಥಿಯಂತೆ ನೋಡುತ್ತಿದ್ದವನು ಈಗ ಮನೆಯ ಯಜಮಾನನಂತೆ ಮುಂದೆ ನಡೆದು ನಮಗೆ ದಾರಿ ತೋರಿಸತೊಡಗಿದ. ಒಳಗೆ ಶಿಲುಬೆಯಾಕಾರದ ವಿಶಾಲವಾದ ಹಜಾರ, ಬಣ್ಣದ ಗಾಜಿನಲ್ಲಿ ಕ್ರಿಸ್ತನ ಜೀವನದ ಚಿತ್ರಗಳು, ಕಂಬಗಳ ನಡುವೆ ಮೌನ. ಸ್ವಲ್ಪ ಹೊತ್ತು ಕುಳಿತಿದ್ದು ಹೊರಗೆ ಬಂದೆವು. ಹೊರಗಿನ ನೆರಳಿನಲ್ಲಿ ಮಗಳು ಕಲೋನಿನ ಕತೆಯನ್ನು ಹೇಳಿದಳು.

ಡೋಮನ್ನು ಕಟ್ಟಲು ಆರಂಭಿಸಿದ್ದು 1248ರಲ್ಲಿ. ಹದಿನಾರನೆಯ ಶತಮಾನದಲ್ಲಿ ಕೆಲಸ ನಿಂತಿತು. ಅರ್ಧ ಎದ್ದ ಗೋಪುರದ ಮೇಲೆ ಕಲ್ಲೆತ್ತುವ ಮರದ ಕ್ರೇನು ಸುಮಾರು ನಾಲ್ಕು ನೂರು ವರ್ಷ ಹಾಗೆಯೇ ನಿಂತಿತ್ತಂತೆ. ಅಜ್ಜ, ಮಗ, ಮೊಮ್ಮಗ ಎಂದು ಎಷ್ಟೋ ತಲೆಮಾರುಗಳು ಆ ಕ್ರೇನನ್ನೇ ಊರಿನ ಗುರುತಾಗಿ ನೋಡುತ್ತ ಬಾಳಿ ಹೋದುವು. 1842ರಲ್ಲಿ ಕೆಲಸ ಮತ್ತೆ ಆರಂಭವಾಗಿ 1880ರಲ್ಲಿ ಮುಗಿಯಿತು. ಎತ್ತರ 157 ಮೀಟರು, ಅಂದರೆ ನಮ್ಮ ಚರ್ಚಿನ ಸುಮಾರು ಮೂರರಷ್ಟು. ಎರಡನೆಯ ಮಹಾಯುದ್ಧದಲ್ಲಿ ಆಕಾಶದಿಂದ ಬಿದ್ದ ಹದಿನಾಲ್ಕು ಬಾಂಬುಗಳು ಅದಕ್ಕೆ ತಾಗಿದುವು. ಗೋಪುರಗಳು ಬೀಳಲಿಲ್ಲ. ಸುತ್ತಲಿನ ನಗರ ಮಾತ್ರ ಬಹುಮಟ್ಟಿಗೆ ನೆಲಸಮವಾಯಿತು. “ಜನ ತಿರುಗಿ ಬಂದಾಗ ಅವರ ಮನೆಗಳು ಇರಲಿಲ್ಲ, ಬೀದಿಗಳೂ ಇರಲಿಲ್ಲ. ಡೋಮ್ ಇತ್ತು. ನಮ್ಮ ಶಾಲೆಯಲ್ಲಿ ಫೋಟೋ ತೋರಿಸಿದ್ದಾರೆ” ಎಂದು ಹುಡುಗ ಸೇರಿಸಿದ.

ನನ್ನಾಕೆಗೆ ಆಗ ನೆನಪಾದದ್ದು ಓಡಿಕೊಲೋನ್. ಚಿಕ್ಕಂದಿನಲ್ಲಿ ಜ್ವರ ಬಂದಾಗ ಬಟ್ಟೆಗೆ ತೊಟ್ಟಿಕ್ಕಿ ಹಣೆಗೆ ಹಾಕುತ್ತಿದ್ದ ಆ ಸುಗಂಧದ್ರವ್ಯ ಇದೇ ಊರಿನದು. ‘ಕಲೋನಿನ ನೀರು’ ಎಂಬುದೇ ಅದರ ಅರ್ಥ. ಫರೀನಾ ಎಂಬುವರು 1709ರಿಂದ ಅಲ್ಲಿ ನಡೆಸಿಕೊಂಡು ಬಂದ ಮನೆತನದ ವ್ಯಾಪಾರ. ನಮ್ಮ ಗಂಧದ ಕತೆಗೂ ಜರ್ಮನಿಗೂ ನಂಟಿದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಮರ ಹಡಗನ್ನೇರಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಆ ದಾರಿ ಮುಚ್ಚಿತು. ಮರ ಇಲ್ಲಿಯೇ ಬಿದ್ದಿತು. ಆ ಯುದ್ಧದ ವರ್ಷಗಳಲ್ಲಿಯೇ ಮೈಸೂರು ಸಂಸ್ಥಾನ ಗಂಧದೆಣ್ಣೆಯನ್ನು ತಾನೇ ಬಟ್ಟಿಯಿಳಿಸತೊಡಗಿತು. ಗಂಧದ ಸಾಬೂನು ಅದರ ಬೆನ್ನಹಿಂದೆಯೇ ಬಂದಿತು. ಇಷ್ಟನ್ನೂ ಮಾತನಾಡುವ ಹೊತ್ತಿಗೆ ಮೂರೂವರೆಯಾಯಿತು. ಹೋಟೆಲಿನ ಕಡೆಗೆ ಹೊರಟೆವು.

ಬೆಳಗಿನ ತರುಣ ಹೋಗಿ ಅವನ ಸ್ಥಾನದಲ್ಲಿ ಹಿರಿಯರೊಬ್ಬರು ಕುಳಿತಿದ್ದರು. ಎರಡು ಕೋಣೆಗಳು ಒಂದಾಗಿದ್ದುವು. ಆ ಒಂದು ಮೂರನೆಯ ಮಹಡಿಯಲ್ಲಿತ್ತು. ಲಿಫ್ಟು ರಿಪೇರಿಯಲ್ಲಿತ್ತು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ, ಅದೂ ಬಂದರೆ. ದಸರೆಯೆಂಬ ಕಾರಣಕ್ಕೆ ಮೇಲೆ ಒಂದಿಷ್ಟು ಹೆಚ್ಚಿನ ಹಣ. ಬಿಸಿಲಿನಲ್ಲಿ ಬೆಂದು ಬಂದಿದ್ದ ನಾವು ಎಲ್ಲದಕ್ಕೂ ಒಪ್ಪಿದೆವು. ಆಗ ಅವರು ಗುರುತಿನ ಚೀಟಿ ಕೇಳಿದರು.

ನನ್ನ ಆಧಾರ್ ಕಾರ್ಡು, ನಮ್ಮ ತಾಯಿಯ ಕೊನೆಯ ದಿನಗಳಲ್ಲಿ ಮೈಸೂರಿನಲ್ಲಿ ಅವರೊಡನೆ ಇದ್ದಾಗ ಮಾಡಿಸಿದ್ದು. ಅದರಲ್ಲಿರುವುದು ಚಾಮರಾಜಪುರದ ವಿಳಾಸ. ಬದಲಾಯಿಸಬೇಕೆಂದು ವರ್ಷವರ್ಷವೂ ಅಂದುಕೊಳ್ಳುತ್ತೇನೆ. ಸೋಮಾರಿತನವೆಂದು ಮನೆಯವರಿಗೆ ಹೇಳುತ್ತ ಬಂದಿದ್ದೇನೆ.

ಹಿರಿಯರು ಕಾರ್ಡನ್ನು ದೂರ ಹಿಡಿದು ಓದಿ, “ಕ್ಷಮಿಸಬೇಕು. ಸ್ಥಳೀಯ ವಿಳಾಸದವರಿಗೆ ರೂಮು ಕೊಡುವ ಹಾಗಿಲ್ಲ. ಮಾಲೀಕರ ಕಟ್ಟಪ್ಪಣೆ” ಎಂದರು. ಈ ವಿಳಾಸದಲ್ಲಿ ನಾನಿಲ್ಲವೆಂದೆ. “ಹಾಗಾದರೆ ಎಲ್ಲಿದ್ದೀರಿ?” ಬೆಂಗಳೂರಿನಲ್ಲಿ. “ಅದಕ್ಕೆ ದಾಖಲೆ?” ಇಲ್ಲ. ಇರಲಿ, ಮಗಳ ಹೆಸರಿನಲ್ಲಿ ಕೊಡಿ ಎಂದೆವು. ಮಗಳು ತನ್ನದನ್ನೂ ಹುಡುಗನದನ್ನೂ ಮುಂದಿಟ್ಟಳು. ಹುಡುಗನದು ಜರ್ಮನಿಯ ಪಾಸ್‌ಪೋರ್ಟು. ಪರದೇಶದ ಪಾಸ್‌ಪೋರ್ಟಿನವರು ಇಳಿದುಕೊಂಡರೆ ಹೋಟೆಲಿನವರು ಅದಕ್ಕೆಂದೇ ಇರುವ ನಮೂನೆಯನ್ನು ತುಂಬಿ ಸರಕಾರಕ್ಕೆ ಕಳುಹಿಸಬೇಕು. ತಮ್ಮಲ್ಲಿ ಅದರ ವ್ಯವಸ್ಥೆಯಿಲ್ಲ, ಆದುದರಿಂದ ಪರದೇಶದವರಿಗೂ ಕೋಣೆ ಕೊಡುವುದಿಲ್ಲ ಎಂದು ಅವರು ಪಾಸ್‌ಪೋರ್ಟನ್ನು ಎರಡೂ ಕೈಗಳಿಂದ ಗೌರವವಾಗಿ ಹಿಂದಿರುಗಿಸಿದರು.

ಊರಿನವನಾದುದರಿಂದ ತಾತನಿಗೆ ಕೋಣೆಯಿಲ್ಲ. ಊರಿನವನಲ್ಲವಾದುದರಿಂದ ಮೊಮ್ಮಗನಿಗೆ ಕೋಣೆಯಿಲ್ಲ. ನ್ಯಾಯಶಾಸ್ತ್ರ ಓದಿದವರು ಇದನ್ನು ಹೇಗೆ ಬಿಡಿಸುತ್ತಾರೋ ಕಾಣೆ. ಪಕ್ಕದ ಬೀದಿಯ ಎರಡು ವಸತಿಗೃಹಗಳಲ್ಲಿ ಕೇಳಿದ್ದಾಯಿತು; ಎರಡೂ ಭರ್ತಿ. ಐದು ಚೀಲಗಳ ನಡುವೆ ಫುಟ್‌ಪಾತಿನ ಮೇಲೆ ನಿಂತೆವು. ಹುಡುಗ ನನ್ನ ಕೈಹಿಡಿದು, “ತಾತ, ಇಲ್ಲೇಕೆ ನಿಂತಿದ್ದೇವೆ? ನಿಮ್ಮ ಮನೆಗೆ ಹೋಗೋಣ” ಎಂದ.

ಮಗಳು ನನ್ನ ಮುಖ ನೋಡಿದಳು. ನಾನು ಏನನ್ನೂ ಹೇಳದೆ ಆಟೋ ಕರೆದೆ. ಬೆಳಿಗ್ಗೆ ತಪ್ಪಿ ಆಡಿದ ಮಾತನ್ನು ಸಂಜೆ ತಿಳಿದೇ ಆಡಿದೆ: “ಚಾಮರಾಜಪುರ.”

ಮನೆಯಿದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ. ಬಾವಿಯಿದ್ದಲ್ಲಿ ಕಾರುಗಳು ನಿಂತಿದ್ದುವು. ಸಂಪಿಗೆಯ ಮರವಿರಲಿಲ್ಲ. “ಇದೇ” ಎಂದೆ. ಹುಡುಗ ಮೇಲಿನಿಂದ ಕೆಳಗಿನವರೆಗೆ ಆ ಕಟ್ಟಡವನ್ನು ನೋಡಿದ. ಕತೆಯಲ್ಲಿ ಕೇಳಿದ್ದ ಒಂದೂ ಅಲ್ಲಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಬಹಳ ಮೆಲ್ಲನೆ, “ತಾತ, ಇಲ್ಲಿಯೂ ಬಾಂಬು ಬಿದ್ದಿತೆ?” ಎಂದು ಕೇಳಿದ.

“ಇಲ್ಲ ಪುಟ್ಟ. ನಾವೇ ಮಾರಿದೆವು.”

ಹನ್ನೆರಡು ವರ್ಷಗಳಲ್ಲಿ ಆ ವಾಕ್ಯವನ್ನು ಎಷ್ಟೋ ಜನರಿಗೆ ಹೇಳಿದ್ದೇನೆ; ರಿಜಿಸ್ಟ್ರಾರ್ ಕಚೇರಿಯಲ್ಲಿಯೂ ಹೇಳಿದ್ದೇನೆ. ಅಷ್ಟು ಕಷ್ಟವಾಗಿ ಎಂದೂ ಹೇಳಿರಲಿಲ್ಲ. ಅವನು ಮತ್ತೇನನ್ನೂ ಕೇಳಲಿಲ್ಲ. ನನ್ನ ಕೈಯನ್ನು ಬಿಡಲೂ ಇಲ್ಲ.

ಅಷ್ಟರಲ್ಲಿ ಎದುರುಮನೆಯ ಬಾಗಿಲು ತೆರೆಯಿತು. ಅದೊಂದು ಮನೆ ಮಾತ್ರ ಹಾಗೆಯೇ ಇದೆ. ಹೊರಗೆ ಬಂದವರು ನಾವು ಚಿಕ್ಕಂದಿನಿಂದ ‘ಎದುರುಮನೆ ಅತ್ತೆ’ ಎಂದೇ ಕರೆಯುತ್ತಿದ್ದವರು. ಎಂಬತ್ತೆಂಟು ವರ್ಷವಾಗಿ ಬೆನ್ನು ಬಾಗಿದೆ, ದನಿ ಬಾಗಿಲ್ಲ. ಕಣ್ಣಿಗೆ ಕೈ ಅಡ್ಡವಿಟ್ಟು ನೋಡಿ, “ಯಾರೋ ಅದು? ಬೀದಿಯಲ್ಲೇಕೆ ನಿಂತಿದ್ದೀಯೋ?” ಎಂದರು. ಈ ಎಪ್ಪತ್ತರ ವಯಸ್ಸಿನಲ್ಲಿ ನನ್ನನ್ನು ಏಕವಚನದಲ್ಲಿ ಗದರಿಸುವವರು ಇನ್ನೊಬ್ಬರು ಉಳಿದಿದ್ದಾರೆಂಬುದು ನನಗೆ ಮರೆತೇಹೋಗಿತ್ತು. ಚೀಲಗಳನ್ನು ಕಂಡು ವಿಷಯವನ್ನು ಅರ್ಧ ಊಹಿಸಿದರು. ಉಳಿದರ್ಧವನ್ನು ನನ್ನಾಕೆ ಹೇಳಿದಳು. “ಹೋಟೆಲಿಗೆ ಹೋಗಿದ್ದೆಯಾ! ದಸರೆಗೆ ಬಂದು ಹೋಟೆಲಿಗೆ! ನಿಮ್ಮ ತಾತ ಇದ್ದಿದ್ದರೆ ಏನೆನ್ನುತ್ತಿದ್ದರೋ? ನಾಚಿಕೆಯಾಗಬೇಡವೆ ನಿನಗೆ?”

ನಾಚಿಕೆಯಾಯಿತು. ಆದರೆ ಬೆಳಗಿನಿಂದ ಅನುಭವಿಸಿದ ನಾಚಿಕೆಯಂಥದಲ್ಲ ಅದು.

ಹಜಾರದಲ್ಲಿ ಗೊಂಬೆಗಳನ್ನು ಕೂರಿಸಿದ್ದರು. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು. ಕೆಳಗೆ ಶೆಟ್ಟಿ, ಶೆಟ್ಟಿತಿ, ಅವರ ದಿನಸಿ ಅಂಗಡಿ. ಹುಡುಗ ಅಂಗಡಿಯ ಮುಂದೆ ಕುಳಿತವನು ಏಳಲಿಲ್ಲ. ಅತ್ತೆ ಅವನ ಕೈಗೆ ಗೊಂಬೆಬಾಗಿನದ ತಿಂಡಿಯನ್ನು ಕೊಟ್ಟು, “ಯಾವೂರೋ ಮರಿ ನಿನ್ನದು?” ಎಂದು ಕೇಳಿದರು. “ಕಲೋನ್” ಎಂದವನು ಒಂದು ಕ್ಷಣ ತಡೆದು, “ಇಲ್ಲಿಯೂ ಒಂದು ಡೋಮ್ ಇದೆ” ಎಂದ. ಅತ್ತೆಗೆ ಅರ್ಥವಾಗಲಿಲ್ಲ. “ಇರಲಿ, ಇರಲಿ. ದೀಪ ಹತ್ತುವ ಹೊತ್ತಾಯಿತು. ಚೀಲ ಇಲ್ಲಿಟ್ಟು ಅರಮನೆ ನೋಡಿಕೊಂಡು ಬನ್ನಿ. ಊಟಕ್ಕೆ ತಡಮಾಡಬೇಡಿ” ಎಂದರು. ಐವತ್ತು ವರ್ಷಗಳ ಹಿಂದೆ ನಮ್ಮ ಅಜ್ಜಿ ಮೂವತ್ತು ಜನಕ್ಕೆ ಹೇಳುತ್ತಿದ್ದ ಮಾತು ಅದೇ.

ಅರಮನೆಯ ದೀಪಾಲಂಕಾರವನ್ನು ವರ್ಣಿಸುವ ಗೋಜಿಗೆ ನಾನು ಹೋಗುವುದಿಲ್ಲ. ಲಕ್ಷದಷ್ಟು ಬಲ್ಬುಗಳು ಒಂದೇ ಕ್ಷಣದಲ್ಲಿ ಹೊತ್ತಿಕೊಂಡಾಗ ನೆರೆದ ಜನರೆಲ್ಲರ ಬಾಯಿಂದ ಹೊರಡುವ ಒಂದು ‘ಹಾ’ಕಾರವಿದೆಯಲ್ಲ, ಅದು ನನ್ನ ಬಾಲ್ಯದಲ್ಲಿ ಹೇಗಿತ್ತೋ ಹಾಗೆಯೇ ಇದೆಯೆಂದು ಮಾತ್ರ ಹೇಳುತ್ತೇನೆ.

ರಾತ್ರಿ ಊಟವಾದ ಮೇಲೆ ಅತ್ತೆಯ ಸೊಸೆ ಅಟ್ಟದಿಂದ ಹಾಸಿಗೆಗಳನ್ನು ಇಳಿಸಿದರು. ಅವುಗಳ ಜೊತೆಗೆ ನೀಲಿ ಪಟ್ಟೆಗಳ ಹಳೆಯ ಜಮಖಾನವೊಂದು ಬಂದಿತು. ಮೂಲೆಯನ್ನು ತಿರುವಿ ನೋಡಿದೆ. ಕೆಂಪು ದಾರ ಮಾಸಿತ್ತು, ಅಕ್ಷರ ಇತ್ತು. “ನಿಮ್ಮದೇ ಕಣೋ. ಮೊಮ್ಮಗಳ ಮದುವೆಗೆ ತಂದಿದ್ದು. ಹಿಂದಿರುಗಿಸೋಣವೆಂದರೆ ಅಷ್ಟು ಹೊತ್ತಿಗೆ ನಿಮ್ಮ ಮನೆ ಎಲ್ಲಿತ್ತು?” ಎಂದರು ಅತ್ತೆ. ಹುಡುಗ ಅದರ ಮೇಲೆ ಮಲಗಿ ಎರಡು ನಿಮಿಷದಲ್ಲಿ ನಿದ್ದೆಹೋದ. ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಎದುರಿನ ಕಟ್ಟಡದ ದೀಪಗಳು ಒಂದೊಂದಾಗಿ ಆರುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ನಾನು ಹುಟ್ಟಿ ಬೆಳೆದ ಮನೆಯಿದ್ದ ಜಾಗವನ್ನು ಎದುರುಮನೆಯ ಕಿಟಕಿಯಿಂದ ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಮಗಳ ಫೋನಿಗೆ ಹೋಟೆಲಿನ ಪರವಾಗಿ ಸಂದೇಶವೊಂದು ಬಂದಿತು. ತಮ್ಮ ಆತಿಥ್ಯ ಹೇಗಿತ್ತು, ಐದು ನಕ್ಷತ್ರಗಳಲ್ಲಿ ಎಷ್ಟನ್ನು ಕೊಡುವಿರಿ ಎಂಬುದು ಅದರ ಸಾರಾಂಶ. ಹುಡುಗ ಅತ್ತೆಯ ಉಪ್ಪಿಟ್ಟನ್ನು ತಿನ್ನುತ್ತಲೇ ಐದನ್ನೂ ಒತ್ತಿಬಿಟ್ಟ. ಆ ಹೋಟೆಲಿನವರು ಅದನ್ನು ತಮಗೇ ಕೊಟ್ಟದ್ದೆಂದು ತಿಳಿದುಕೊಂಡಿರಬೇಕು. ಮುಂಗಡ ಹಣ ಇನ್ನೂ ಹಿಂದಿರುಗಿ ಬಂದಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಅಳಿಯ ನನಗೆ ಒಂದೇ ಬುದ್ಧಿವಾದವನ್ನು ಹೇಳಿದ: “ಮಾವ, ಮೊದಲು ಆ ಕಾರ್ಡಿನ ವಿಳಾಸವನ್ನು ಬದಲಾಯಿಸಿ.” ಅವನ ಮಾತು ನ್ಯಾಯವಾದದ್ದು. ಕಚೇರಿ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ನಾಳೆ ಹೋಗುತ್ತೇನೆಂದು ಹೇಳಿದ್ದೇನೆ. ಹಾಗೆಂದು ಹೇಳಿ ಈಗ ಕೆಲವು ತಿಂಗಳುಗಳಾದುವು.